ಕೆಂಡಲ್‌ನ ಡಬ್ಬಿ, ಹುಣಸೂರಿನ ಮೂಗು

ಕೆಂಡಲ್ ಊರಲ್ಲಿ ಹೊಗೆಸೊಪ್ಪಿನ ಒಂದು ಗಿಡವೂ ಬೆಳೆಯೋದಿಲ್ಲ. ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಲೇಕ್ ಡಿಸ್ಟ್ರಿಕ್ಟಿನ ಬಾಗಿಲಲ್ಲಿರುವ ಸಣ್ಣ ಊರು. ಮಳೆ ಜಾಸ್ತಿ, ಸುತ್ತ ಕುರಿಗಳು, ಬೂದು ಬಣ್ಣದ ಕಲ್ಲಿನ ಮನೆಗಳು. ಆದರೂ ನಶ್ಯ ಏರಿಸುವವರಿಗೆ, ಪೈಪ್ ಸೇದುವವರಿಗೆ ಈ ಊರಿನ ಹೆಸರು ಚೆನ್ನಾಗಿ ಗೊತ್ತು. 1792ರಲ್ಲಿ ಥಾಮಸ್ ಹ್ಯಾರಿಸನ್ ಅನ್ನುವವನು ಗ್ಲಾಸ್ಗೋದಲ್ಲಿ ನಶ್ಯ ಮಾಡೋದನ್ನು ಕಲಿತು, ಅಲ್ಲಿಂದಲೇ ಯಂತ್ರವನ್ನೂ ತಂದು ಇಲ್ಲಿ ಕಸುಬು ಶುರು ಮಾಡಿದ. ಅದೇ ಮುಂದೆ ಸ್ಯಾಮ್ಯುಯೆಲ್ ಗಾವಿತ್ ಕಂಪನಿ ಆಯಿತು. ಅವರ ಪೈಪ್ ತಂಬಾಕಿನ ಡಬ್ಬಿಗಳು ಇವತ್ತಿಗೂ ಅಮೆರಿಕ, ಜರ್ಮನಿಗೆಲ್ಲ ಹೋಗುತ್ತವೆ.

ನಾನಿರೋದು ಕೆಂಡಲ್‌ನಿಂದ ಸ್ವಲ್ಪ ಕೆಳಗೆ, ಪ್ರೆಸ್ಟನ್ ಹತ್ತಿರ. ನಮ್ಮದು ಹುಣಸೂರು ಕಡೆ ಊರು, ಮನೆಯಲ್ಲಿ ಎರಡು ತಲೆಮಾರಿನಿಂದ ಹೊಗೆಸೊಪ್ಪೇ ಬೆಳೆ. ಹಾಗಾಗಿ ನಾನು ಇಲ್ಲಿ ಪೈಪ್ ಸೇದುತ್ತೇನೆ ಅಂತ ಗೊತ್ತಾದಾಗ ಊರಿನವರಿಗೆ ನಗು. ಹೊಗೆಸೊಪ್ಪು ಬೆಳೆಯೋ ಮನೆಯಿಂದ ಹೋಗಿ ದುಡ್ಡು ಕೊಟ್ಟು ಹೊಗೆಸೊಪ್ಪು ಕೊಳ್ತಾನಲ್ಲ ಅಂತ. ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ವರ್ಜೀನಿಯಾ ಸೊಪ್ಪು ಬೆಳೆಯುವವರಲ್ಲಿ ಅದರ ನಿಜವಾದ ರುಚಿ ನೋಡಿದವರು ಯಾರೂ ನನಗೆ ಸಿಕ್ಕಿಲ್ಲ. ಸೇದುವವರು ಬೀಡಿ ಸೇದುತ್ತಾರೆ, ಹಾಕುವವರು ಎಲೆಅಡಿಕೆಗೆ ಕಡ್ಡಿಪುಡಿ ಹಾಕುತ್ತಾರೆ. ಅದು ಬೇರೆ ಜಾತಿಯ ಸೊಪ್ಪು, ಬಿಸಿಲಲ್ಲಿ ಒಣಗಿಸಿದ್ದು, ಖಾರ. ನಾವು ಬ್ಯಾರನ್‌ನಲ್ಲಿ, ಅಂದರೆ ಸೊಪ್ಪಿಗೆ ಬಿಸಿ ಕೊಡುವ ಮನೆಯಲ್ಲಿ, ಬೇಯಿಸಿದ ಹಳದಿ ಸೊಪ್ಪನ್ನು ಬೇಲ್ (ಮೂಟೆ) ಕಟ್ಟಿಕೊಂಡು ಹರಾಜಿಗೆ ಹೋದರೆ ಮುಗೀತು. ಆಮೇಲೆ ಅದು ಯಾವ ಸಿಗರೇಟಿನೊಳಗೆ ಯಾವುದರ ಜೊತೆ ಸೇರಿತೋ ದೇವರಿಗೇ ಗೊತ್ತು.

ಪೈಪ್ ತಂಬಾಕಿನಲ್ಲಿ ಸ್ಟ್ರೇಟ್ ವರ್ಜೀನಿಯಾ ಅಂದರೆ ಬೇರೆ ಏನೂ ಬೆರಕೆ ಇಲ್ಲದ್ದು. ಹೊಗೆ ಹಿಡಿಸಿದ ಲಟಾಕಿಯಾ ಸೊಪ್ಪು ಇಲ್ಲ, ಗಾಳಿಗೆ ಒಣಗಿಸಿದ ಬರ್ಲಿ ಇಲ್ಲ, ಮೆಣಸಿನ ಘಾಟಿನ ಪೆರೀಕ್ ಇಲ್ಲ, ವೆನಿಲ್ಲಾ ಚೆರ್ರಿ ಸುವಾಸನೆಯೂ ಇಲ್ಲ. ಇಂಗ್ಲೆಂಡಿನಲ್ಲಿ ಈ ಥರದ್ದಕ್ಕೆ ಹಳೇ ಮರ್ಯಾದೆ ಇದೆ, ಯಾಕೆಂದರೆ ಹಿಂದೆ ಬಹಳ ಕಾಲ ತಂಬಾಕಿಗೆ ಸಿಹಿ ಗಿಹಿ ಬೆರೆಸೋದಕ್ಕೆ ಇಲ್ಲಿ ಕಾನೂನಿನ ಕಡಿವಾಣ ಇತ್ತು. ಸಕ್ಕರೆ ಸೇರಿಸುವ ಹಾಗಿಲ್ಲ ಅಂದಮೇಲೆ ಸೊಪ್ಪಿನಲ್ಲೇ ಇರುವ ಸಿಹಿಯನ್ನು ಹೊರಗೆ ತರಬೇಕು. ಅದಕ್ಕೇ ಇಲ್ಲಿಯವರು ಸೊಪ್ಪನ್ನು ಒತ್ತೋದು, ಆವಿ ಕೊಡೋದು, ಗಟ್ಟಿ ಹಲಗೆ ಮಾಡಿ ತೆಳ್ಳಗೆ ಹೆಚ್ಚೋದು ಇದರಲ್ಲೆಲ್ಲ ಪಳಗಿದರು. ಹಾಗೆ ಹೆಚ್ಚಿದ ಪಟ್ಟಿಗೆ ಫ್ಲೇಕ್ ಅಂತಾರೆ.

ಆ ಸಿಹಿ ಎಲ್ಲಿಂದ ಬಂತು ಅನ್ನೋದು ಬ್ಯಾರನ್ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಮುರಿದು ತಂದ ಹಸಿ ಸೊಪ್ಪಿನಲ್ಲಿ ಪಿಷ್ಟ ತುಂಬಿರುತ್ತದೆ. ಅದನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಒಳಗೆ ತೂಗುಹಾಕಿ, ಮೊದಲು ಮೂವತ್ತೈದು ಡಿಗ್ರಿ ಆಸುಪಾಸಿನ ಸಣ್ಣ ಬಿಸಿ ಕೊಡುತ್ತಾರೆ. ಎಲೆ ಇನ್ನೂ ಜೀವಂತ ಇರುವಾಗಲೇ ಪಿಷ್ಟ ಸಕ್ಕರೆಯಾಗುತ್ತದೆ, ಹಸಿರು ಹೋಗಿ ಹಳದಿ ಬರುತ್ತದೆ. ಸರಿಯಾದ ಹೊತ್ತಿಗೆ ಬಿಸಿ ಏರಿಸಿ ಎಲೆಯನ್ನು ಒಣಗಿಸಿದರೆ ಆ ಸಕ್ಕರೆ ಅಲ್ಲೇ ಉಳಿಯುತ್ತದೆ. ಕೊನೆಗೆ ಎಪ್ಪತ್ತು ಡಿಗ್ರಿವರೆಗೆ ಹೋಗಿ ದಂಟು ಒಣಗಿಸಬೇಕು. ಎಲ್ಲ ಸೇರಿ ಐದಾರು ದಿನ, ಒಂದು ವಾರ ಅಂತಿಟ್ಟುಕೊಳ್ಳಿ. ಬೆಂಕಿಯ ಹೊಗೆ ಸೊಪ್ಪಿಗೆ ತಾಗೋದೇ ಇಲ್ಲ, ಕೊಳವೆಯ ಶಾಖ ಮಾತ್ರ. ನೆರಳಲ್ಲಿ ವಾರಗಟ್ಟಲೆ ಗಾಳಿಗೆ ಒಣಗಿಸುವ ಬರ್ಲಿಯಲ್ಲಿ ಎಲೆ ತನ್ನ ಸಕ್ಕರೆಯನ್ನೆಲ್ಲ ತಾನೇ ತಿಂದು ಮುಗಿಸಿರುತ್ತದೆ. ವರ್ಜೀನಿಯಾದಲ್ಲಿ ಅದಕ್ಕೆ ಮೊದಲೇ ಬಾಗಿಲು ಹಾಕುತ್ತೇವೆ.

ಈ ವಿದ್ಯೆ ಹುಟ್ಟಿದ ಕಥೆಯೂ ಬ್ಯಾರನ್ ಕಾದವರಿಗೆ ಹಿಡಿಸುವಂಥದ್ದು. 1839ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಕ್ಯಾಸ್ವೆಲ್ ಕೌಂಟಿಯಲ್ಲಿ ಸ್ಟೀಫನ್ ಅನ್ನುವ ಹುಡುಗ ಬ್ಯಾರನ್ ಕಾಯುತ್ತಿದ್ದ. ಅವನು ಸ್ಲೇಡ್ ಎಂಬ ಜಮೀನ್ದಾರನ ಗುಲಾಮ. ರಾತ್ರಿ ನಿದ್ದೆ ಹತ್ತಿಬಿಟ್ಟಿತು, ಎದ್ದು ನೋಡಿದರೆ ಬೆಂಕಿ ಆರುವ ಹಾಗಿದೆ. ಕಮ್ಮಾರಸಾಲೆಯ ಇದ್ದಿಲು ತಂದು ಸುರಿದ. ಒಮ್ಮೆಲೇ ಏರಿದ ಒಣ ಬಿಸಿಗೆ ಸೊಪ್ಪು ಹೊಳೆಯುವ ಹಳದಿಗೆ ತಿರುಗಿತು. ಕಥೆಯಲ್ಲಿ ಉಪ್ಪುಖಾರ ಎಷ್ಟು ಸೇರಿದೆಯೋ, ಆ ಸೊಪ್ಪಿನಿಂದ ಮುಂದೆ ಕೋಟಿಗಟ್ಟಲೆ ದುಡ್ಡು ಮಾಡಿದವರಂತೂ ಬೇರೆಯವರು. ನಮ್ಮ ಕಡೆಯೂ ಬ್ಯಾರನ್ ಹೊತ್ತಿಸಿದ ಮನೆಯಲ್ಲಿ ರಾತ್ರಿ ಸರದಿ ಮೇಲೆ ಎದ್ದಿರಬೇಕು. ಯಾರಾದರೂ ನಿದ್ದೆ ಮಾಡಿದರೆ ಇದ್ದಿಲಿನ ಪವಾಡ ಏನೂ ಆಗೋಲ್ಲ, ಬೈಗುಳ ಸಿಗುತ್ತದೆ.

ಇನ್ನು ಸೇದುವ ವಿಚಾರ. ಗಾವಿತ್ ಅವರದ್ದೇ ಎರಡು ಡಬ್ಬಿ ನಾನು ಇಟ್ಟುಕೊಳ್ಳೋದು. ಒಂದು ಫುಲ್ ವರ್ಜೀನಿಯಾ ಫ್ಲೇಕ್, ಬಿಸಿ ಕೊಟ್ಟು ಒತ್ತಿ ಒತ್ತಿ ಕಂದು ಬಣ್ಣಕ್ಕೆ ತಿರುಗಿದ್ದು. ಇನ್ನೊಂದು ಗೋಲ್ಡನ್ ಗ್ಲೋ, ಹೊಂಬಣ್ಣ, ಹಗುರ. ಸಂಜೆ ಕೆಲಸ ಮುಗಿಸಿ ಬಂದಾಗ ನನಗೆ ಬೇಕೆನಿಸೋದು ಎರಡನೆಯದೇ. ಡಬ್ಬಿ ತೆಗೆದರೆ ಒಣಹುಲ್ಲಿನ ಮೆದೆಯ ವಾಸನೆ, ಅದರ ಹಿಂದೆ ಸ್ವಲ್ಪ ನಿಂಬೆಯ ಹುಳಿ. ಸೇದುವಾಗ ಹುಲ್ಲು, ಸುಟ್ಟ ಬ್ರೆಡ್ಡು, ಕೊನೆಕೊನೆಗೆ ತೆಳುವಾದ ಸಿಹಿ. ಇಷ್ಟೇನಾ ಅಂತ ಕೇಳುವವರಿದ್ದಾರೆ. ಇಲ್ಲಿನ ಪೈಪ್ ಹಳಬರಲ್ಲೂ ಕೆಲವರು ಹಗುರ ವರ್ಜೀನಿಯಾ ಅಂದರೆ ಸಪ್ಪೆ, ಹೊಸಬರಿಗೆ ಕೊಡುವಂಥದ್ದು ಅಂತ ತಳ್ಳಿಹಾಕುತ್ತಾರೆ. ನನಗೆ ಅನ್ನಿಸೋದು ಉಲ್ಟಾ. ಲಟಾಕಿಯಾವನ್ನು ಹೇಗೆ ಸೇದಿದರೂ ಅದು ಲಟಾಕಿಯಾ ಥರಾನೇ ಇರುತ್ತದೆ, ಗದ್ದಲ ಮಾಡಿಕೊಂಡು ಬರುತ್ತದೆ. ಹಗುರ ವರ್ಜೀನಿಯಾ ಮಾತ್ರ ಸೇದುವವನ ಕೈಮೇಲೆ ನಿಂತಿದೆ. ಗಡಿಬಿಡಿ ಮಾಡಿದರೆ ಬಿಸಿನೀರಿನ ಆವಿ, ಉರಿಯುವ ನಾಲಿಗೆ, ಅಷ್ಟೇ.

ಸಿಗರೇಟಿನ ಹಾಗೆ ಎಳೆದು ಒಳಗೆ ತೆಗೆದುಕೊಳ್ಳುವಂತೆಯೇ ಇಲ್ಲ. ಬಿಸಿ ಕಾಫಿಯನ್ನು ತುಟಿ ಸುಡದ ಹಾಗೆ ಹೀರುತ್ತೇವಲ್ಲ, ಅಷ್ಟು ಸಣ್ಣಗೆ. ಹೊಗೆ ಬಾಯಲ್ಲೇ ತಿರುಗಿ ಹೊರಗೆ ಬರಬೇಕು, ಸ್ವಲ್ಪ ಮೂಗಿನಿಂದ ಬಿಟ್ಟರೆ ರುಚಿಯೆಲ್ಲ ಅಲ್ಲೇ ಗೊತ್ತಾಗೋದು. ಕೆಂಡಲ್ ಫ್ಲೇಕ್ ಡಬ್ಬಿಯಿಂದ ಬರುವಾಗ ಒದ್ದೆ ಇರುತ್ತದೆ. ಅದನ್ನು ಬಿಡಿಸಿ ಕಾಗದದ ಮೇಲೆ ಹರಡಿ ಬಿಡಬೇಕು, ಈ ದೇಶದ ಹವೆಯಲ್ಲಿ ಒಂದೊಂದು ದಿನ ಅರ್ಧ ಗಂಟೆ ಸಾಕು, ಒಂದೊಂದು ದಿನ ಮಧ್ಯಾಹ್ನ ಹರಡಿದ್ದು ರಾತ್ರಿಯಾದರೂ ಜಿಡ್ಡುಜಿಡ್ಡಾಗಿಯೇ ಇರುತ್ತದೆ. ಮುಟ್ಟಿದರೆ ಪುಡಿಯಾಗಬಾರದು, ಹಿಂಡಿದರೆ ಅಂಟಿಕೊಳ್ಳಬಾರದು, ಅದು ಹದ. ಬ್ಯಾರನ್‌ನಿಂದ ಇಳಿಸಿದ ಸೊಪ್ಪಿಗೆ ಬೇಲ್ ಕಟ್ಟುವ ಮುಂಚೆ ಹದ ಬಂತಾ ಅಂತ ಕೈಯಲ್ಲಿ ಹಿಡಿದು ನೋಡುತ್ತಾರಲ್ಲ, ಆ ಅಭ್ಯಾಸ ನನಗೆ ಇಲ್ಲಿ ಕೆಲಸಕ್ಕೆ ಬಂತು.

ತುಂಬುವಾಗ ಕೆಳಗೆ ಸಡಿಲ, ಮೇಲೆ ಸ್ವಲ್ಪ ಬಿಗಿ. ಮೊದಲ ಬೆಂಕಿಗೆ ಮೇಲಿನ ಪದರ ಉಬ್ಬಿ ಆರಿಹೋಗುತ್ತದೆ, ಒತ್ತುವ ಕಡ್ಡಿಯಿಂದ ಮೆಲ್ಲಗೆ ಸಮ ಮಾಡಿ ಎರಡನೇ ಸಲ ಹೊತ್ತಿಸಬೇಕು. ಆಮೇಲೂ ಆರುತ್ತದೆ. ಆರಲಿ, ಏನೀಗ. ಬೆಂಕಿಕಡ್ಡಿ ಅಗ್ಗ. ಪೈಪ್ ಬಿಸಿಯಾಗಿ ಕೈಗೆ ಚುರ್ ಅಂದರೆ ಕೆಳಗಿಟ್ಟು ಬೇರೆ ಕೆಲಸ ನೋಡಬೇಕು. ಇನ್ನೊಂದು ವಿಷಯ, ಹಗುರ ವರ್ಜೀನಿಯಾಕ್ಕೆ ಒಂದು ಪೈಪ್ ಬೇರೆಯೇ ಇರಲಿ. ಪೈಪ್ ಮಾಡುವ ಬ್ರೈಯರ್ ಅನ್ನೋದು ಮೆಡಿಟರೇನಿಯನ್ ಕಡೆಯ ಪೊದೆಯೊಂದರ ಬೇರಿನ ಗಂಟು, ಸೇದಿದ್ದರ ವಾಸನೆಯನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಚೆರ್ರಿ ತಂಬಾಕು ಸೇದಿದ ಪೈಪಿಗೆ ಇದನ್ನು ಹಾಕಿದರೆ ಚೆರ್ರಿಯೇ ಸಿಗೋದು. ದುಬಾರಿ ಬ್ರೈಯರ್ ಬೇಡ ಅನ್ನುವವರಿಗೆ ಅಮೆರಿಕದ ಮಿಸೌರಿಯಲ್ಲಿ 1869ರಿಂದ ಮಾಡುತ್ತಿರುವ ಜೋಳದ ಬೆಂಡಿನ ಪೈಪ್ ಇದೆ. ಮೆಕ್ಕೆಜೋಳದ ಕಾಳು ಬಿಡಿಸಿದ ಮೇಲೆ ನಾವು ಒಲೆಗೆ ಹಾಕುವ ಅದೇ ಬೆಂಡು. ನೋಡೋಕೆ ಆಟಿಕೆ, ಸೇದೋಕೆ ಬೊಂಬಾಟ್.

ಹಾಂ, ಕೆಂಡಲ್ ಡಬ್ಬಿಗಳಲ್ಲಿ ಕೆಲವಕ್ಕೆ ಗುಲಾಬಿ ಜೆರೇನಿಯಂ ಥರದ ಹೂವಿನ ಸುಗಂಧ ಹಾಕಿರುತ್ತಾರೆ. ಇಲ್ಲಿಯವರಿಗೆ ಅದು ಊರಿನ ಹೆಮ್ಮೆ. ನನಗೆ ಸ್ನಾನದ ಸೋಪು ಸೇದಿದ ಹಾಗಾಗುತ್ತದೆ. ಕೊಳ್ಳುವಾಗ ಕೇಳಿಕೊಂಡು ಕೊಳ್ಳಿ.

ಅಂಗಡಿಯಲ್ಲಿ ಕೊಳ್ಳೋದೂ ಇಲ್ಲಿ ಒಂಥರಾ ಗುಟ್ಟಿನ ವ್ಯವಹಾರ. ಮಾಮೂಲಿ ಅಂಗಡಿಗಳಲ್ಲಿ ತಂಬಾಕು ಕಣ್ಣಿಗೆ ಕಾಣುವ ಹಾಗೆ ಇಡುವಂತಿಲ್ಲ, ಮುಚ್ಚಿದ ಬಾಗಿಲಿನ ಹಿಂದೆ ಇರುತ್ತದೆ. ತಂಬಾಕಿನದ್ದೇ ಅಂಗಡಿಗಳಿಗೆ ರಿಯಾಯಿತಿ ಇದೆ, ಒಳಗೆ ಜೋಡಿಸಿಡಬಹುದು, ಹೊರಗಿನಿಂದ ಕಾಣಬಾರದು. 2007ರ ಜುಲೈಯಿಂದ ಇಂಗ್ಲೆಂಡಿನಲ್ಲಿ ಪಬ್ಬಿನೊಳಗೆ ಸೇದೋದು ಬಂದ್. ಹಾಗಾಗಿ ಪೈಪ್ ಸೇದೋದು ಅಂದರೆ ಹಿತ್ತಲು, ಛತ್ರಿ, ಸ್ವೆಟರ್. ನಮ್ಮನೆಯಲ್ಲಿ ಒಳಗೆ ಸೇದೋದಕ್ಕೆ ಸರ್ಕಾರಕ್ಕಿಂತ ಮೊದಲೇ ಹೆಂಡತಿಯ ನಿಷೇಧ ಬಂದಿತ್ತು. ಕನ್ನಡದವರು ಮನೆಗೆ ಬಂದರೆ ಪೈಪ್ ನೋಡಿ ಏನ್ ಸಾರ್, ಪೂರ್ತಿ ಇಂಗ್ಲಿಷ್ ದೊರೆ ಆಗಿಬಿಟ್ರಲ್ಲ ಅಂತಾರೆ. ನನ್ನ ಆಫೀಸಿನ ಇಂಗ್ಲಿಷಿನವರಲ್ಲಿ ಪೈಪ್ ಸೇದುವವರು ಒಬ್ಬರೂ ಇಲ್ಲ, ಅವರಿಗೆ ಅದು ತಾತನ ಕಾಲದ್ದು.

ಆರೋಗ್ಯದ ಮಾತು ಸುತ್ತಿಬಳಸದೆ ಹೇಳುತ್ತೇನೆ. ಹೊಗೆ ಎದೆಗೆ ಎಳೆಯೋಲ್ಲ ಅನ್ನೋದರಿಂದ ಪೈಪ್ ಒಳ್ಳೆಯದು ಅಂತ ಆಗೋದಿಲ್ಲ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಇದೂ ದಾರಿಯೇ, ನಿಕೋಟಿನ್ ಬಾಯಿಂದಲೂ ರಕ್ತಕ್ಕೆ ಇಳಿಯುತ್ತದೆ. ಹಗುರ ಅಂದರೆ ರುಚಿಯಲ್ಲಿ ಹಗುರ ಅಷ್ಟೇ. ಇಲ್ಲಿ ಡಾಕ್ಟರ ಹತ್ತಿರ ಹೋದಾಗ ಸೇದ್ತೀರಾ ಅಂತ ಕೇಳಿದರೆ ವಾರಕ್ಕೊಮ್ಮೆ ಪೈಪ್ ಅಂದರೂ ಹೌದು ಅಂತಲೇ ಬರೆದುಕೊಳ್ಳುತ್ತಾರೆ, ಅದು ಸರಿ. ನಾವೂ ಶುರು ಮಾಡಬಹುದಾ ಅಂತ ಊರಿಂದ ಕೇಳುವ ತಮ್ಮಂದಿರಿಗೆ ನನ್ನ ಉತ್ತರ ಬೇಡ ಅಂತಲೇ. ಪೈಪ್ ತರೋಲ್ಲ, ಕೇಳಬೇಡಿ.

ಆದರೆ ಹೋದ ಸಲ ಊರಿಗೆ ಹೋದಾಗ ದೊಡ್ಡಪ್ಪನ ಮಗನಿಗೆ ತೋರಿಸೋಕೆ ಎರಡೂ ಡಬ್ಬಿ ಒಯ್ದಿದ್ದೆ. ಸುಂಕ ಇಲ್ಲದೆ 125 ಗ್ರಾಂ ಒಳಗೆ ತರಬಹುದು, ಎರಡು ಡಬ್ಬಿ ಸೇರಿದರೆ ನೂರು. ಅಣ್ಣ ಸೇದುವವನಲ್ಲ, ಆದರೆ ಸೊಪ್ಪಿನ ವಿಷಯದಲ್ಲಿ ಅವನ ಮೂಗಿಗೆ ಸಮ ಇಲ್ಲ. ಹುಣಸೂರು ಹತ್ತಿರದ ಕಟ್ಟೆಮಳಲವಾಡಿ ಹರಾಜು ಪ್ಲಾಟ್‌ಫಾರಂನಲ್ಲಿ ಬೇಲ್ ಬಿಚ್ಚುವ ಮೊದಲೇ ರೇಟು ಹೇಳುವವನು. ಫುಲ್ ವರ್ಜೀನಿಯಾ ಫ್ಲೇಕ್ ಡಬ್ಬಿ ತೆರೆದು ಒಂದು ಪಟ್ಟಿ ಬೆಳಕಿಗೆ ಹಿಡಿದ. "ಏನ್ಲಾ ಇದು, ಬಣ್ಣ ಸತ್ತೋಗೈತೆ. ನಮ್ ಪ್ಲಾಟ್‌ಫಾರಂನಲ್ಲಿ ಇದುನ್ನ ಲೋ ಗ್ರೇಡ್ ಅಂತ ಪಕ್ಕಕ್ಕೆ ಎಸೀತಾರೆ" ಅಂದ. ಒತ್ತಿ ಬಿಸಿ ಕೊಟ್ಟರೆ ಹೀಗಾಗುತ್ತೆ ಅಣ್ಣ, ಇದಕ್ಕೇ ಬೆಲೆ ಜಾಸ್ತಿ ಅಂತ ಹೇಳಿದರೆ ನಂಬಲಿಲ್ಲ. ಗೋಲ್ಡನ್ ಗ್ಲೋ ಮೂಸಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಇದು ಬ್ಯಾರನ್ ಬಾಗಿಲು ತೆಗ್ದಾಗ ಬರೋ ವಾಸ್ನೆ ಕಣ್ಲಾ. ಮೂರನೇ ದಿನದ್ದು" ಅಂದ. ಡಬ್ಬಿಯ ಮೇಲೆ ಸೊಪ್ಪು ಯಾವ ದೇಶದ್ದು ಅಂತ ಬರೆದಿರಲಿಲ್ಲ.

ಎಷ್ಟು ಇದರ ಬೆಲೆ ಅಂತ ಕೇಳಿದ. 50 ಗ್ರಾಂಗೆ 20 ಪೌಂಡ್ ದಾಟುತ್ತೆ ಅಂದೆ. ಕಿಲೋಗೆ ನಲವತ್ತು ಸಾವಿರ ರೂಪಾಯಿಗಿಂತ ಮೇಲಾಯಿತು. ಅವನಿಗೆ ಆಗ ಹರಾಜಿನಲ್ಲಿ ಕಿಲೋಗೆ ಇನ್ನೂರು, ಇನ್ನೂರೈವತ್ತು ರೂಪಾಯಿ ಸಿಕ್ಕರೆ ಒಳ್ಳೇ ವರ್ಷ, ಅದರಲ್ಲೇ ಸೌದೆ, ಗೊಬ್ಬರ, ಆಳುಗಳ ಖರ್ಚು. ಅರ್ಧಕ್ಕಿಂತ ಜಾಸ್ತಿ ಅಲ್ಲಿನ ಸರ್ಕಾರದ ತೆರಿಗೆಗೆ ಹೋಗುತ್ತೆ ಅಂತ ಸಮಜಾಯಿಷಿ ಕೊಟ್ಟೆ. "ಉಳಿದಿದ್ದು ಯಾರಿಗ್ ಹೋಯ್ತದೆ ಅಂತ ಕೇಳ್ದೆ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಡಬ್ಬಿಗಳನ್ನು ವಾಪಸ್ ಕೊಟ್ಟು, ನನ್ನ ಚೀಲದಲ್ಲಿದ್ದ ಪೈಪ್ ಒಳಗಿನ ಕೊಳೆ ತೆಗೆಯುವ ದಾರ ಸುತ್ತಿದ ತಂತಿ ಕಡ್ಡಿಗಳನ್ನು ಕೈಗೆತ್ತಿಕೊಂಡ. ಬಗ್ಗಿಸಿ ನೋಡಿದ, ನೆಟ್ಟಗೆ ಮಾಡಿದ. ಔಷಧಿ ಹೊಡೆಯೋ ಸ್ಪ್ರೇಯರ್ ಪೈಪು ಕಟ್ಟಿಕೊಂಡಾಗ ಇದು ಚೆನ್ನಾಗಾಗ್ತದೆ, ಮುಂದಿನ ಸಲ ಬರುವಾಗ ಒಂದು ಕಟ್ಟು ತಾ ಅಂದ. ನೂರರ ಕಟ್ಟು ತೆಗೆದಿಟ್ಟಿದ್ದೇನೆ.