ನಿಮ್ಮಲ್ಲಿ ಗಂಡನೇ ತಲೆಯಂತೆ, ಹೌದೇ?

ಈ ಪ್ರಶ್ನೆಯನ್ನು ಕ್ರೈಸ್ತನಾದ ನನಗೆ ಕಚೇರಿಯಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಬಳ್ಳಾರಿಯಿಂದ ಗುಂತಕಲ್ಲಿಗೆ ಹೋಗುವ ರೈಲಿನಲ್ಲಿ ಪರಿಚಯವಾದ ಅರ್ಧ ತಾಸಿನೊಳಗೆ ಕೇಳಿದ್ದಾರೆ. "ನಿಮ್ಮ ಸತ್ಯವೇದದಾಗ ಗಂಡ ಹೇಳಿದ್ದೇ ವೇದವಾಕ್ಯ ಅಂತ ಐತಂತಲ್ರಿ ಸರ, ಆರಾಮಲ್ರಿ ನಿಮಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೇ ನಗುತ್ತಾರೆ. ಬಾಯಿಂದ ಹೇಳಿ ಹೇಳಿ ಸಾಕಾಗಿರುವುದರಿಂದ ಒಮ್ಮೆ ಬರೆದು ಮುಗಿಸುತ್ತೇನೆ.

ಮೊದಲು ಆ "ನಿಮ್ಮಲ್ಲಿ" ಎಂಬ ಮಾತಿನ ಬಗ್ಗೆ ನನ್ನ ತಕರಾರಿದೆ. ನಮ್ಮ ಓಣಿಯಲ್ಲಿ ಯಾವ ಮನೆಯ ಬಾಗಿಲು ತಟ್ಟಿದರೂ, ಆ ಮನೆಯವರು ಯಾವ ದೇವರಿಗೆ ಕೈಮುಗಿಯುವವರಾದರೂ, "ಯಜಮಾನರು ಇಲ್ಲ, ಆಮೇಲೆ ಬರ್ರಿ" ಎಂಬ ಉತ್ತರವೇ ಬರುತ್ತದೆ. ಅಲ್ಲಿ ಯಜಮಾನನಾಗಿರುವುದು ಸಹಜವಾದರೆ ನಮ್ಮ ಮನೆಯಲ್ಲಿ ತಲೆಯಾಗಿರುವುದು ಮಾತ್ರ ಏಕೆ ತಮಾಷೆಯಾಯಿತು? ಸರ್ಕಾರವಂತೂ ಈ ವಿಷಯವನ್ನು ತನ್ನದೇ ರೀತಿಯಲ್ಲಿ ಇತ್ಯರ್ಥ ಮಾಡಿದೆ: 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥಳಾಗಿ ಮನೆಯ ಹಿರಿಯ ಹೆಂಗಸಿನ ಹೆಸರೇ ಇರಬೇಕು, 2023ರಿಂದ ಗೃಹಲಕ್ಷ್ಮಿಯ 2000 ರೂಪಾಯಿ ಬರುವುದೂ ಮನೆಯ ಯಜಮಾನಿಯ ಖಾತೆಗೇ. (ನನ್ನ ಹೆಂಡತಿ ಆದಾಯ ತೆರಿಗೆ ಕಟ್ಟುವವಳಾದ್ದರಿಂದ ನಮ್ಮ ಮನೆಗೆ ಆ ಹಣವೂ ಇಲ್ಲ, ಆ ಪದವಿಯೂ ಇಲ್ಲ.)

ಇನ್ನು ವಾಕ್ಯದ, ಅಂದರೆ ಬೈಬಲಿನ ಮಾತಿನ, ವಿಷಯ. ಆದಿಕಾಲದ ಕ್ರೈಸ್ತ ಬೋಧಕ ಪೌಲನು ಎಫೆಸ ಪಟ್ಟಣದ ವಿಶ್ವಾಸಿಗಳಿಗೆ ಬರೆದ ಪತ್ರಿಕೆಯ, ಅಂದರೆ ಪತ್ರದ, ಐದನೆಯ ಅಧ್ಯಾಯದಲ್ಲಿ ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕೆಂದೂ, ಗಂಡನು ಹೆಂಡತಿಗೆ ತಲೆಯೆಂದೂ ಬರೆದಿರುವುದು ನಿಜ. ಅದನ್ನು ಇಲ್ಲವೆಂದು ಹೇಳಲಾರೆ. ಆದರೆ ಅದು ಇಪ್ಪತ್ತೆರಡನೆಯ ವಚನದಿಂದ ಮೂರು ವಚನಗಳಲ್ಲಿ ಮುಗಿಯುತ್ತದೆ. ಅದಕ್ಕೆ ಮೊದಲು, ಇಪ್ಪತ್ತೊಂದನೆಯದರಲ್ಲಿ, ಎಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದಿದೆ. ಗ್ರೀಕಿನ ಅತ್ಯಂತ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಇಪ್ಪತ್ತೆರಡನೆಯ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ, ಹಿಂದಿನ ವಚನದಿಂದ ಎರವಲು ಪಡೆದುಕೊಂಡೇ ಅದು ಅರ್ಥ ಕೊಡುತ್ತದೆ. ಇಪ್ಪತ್ತೈದರಿಂದ ಮುಂದೆ, ಹೆಚ್ಚು ಕಡಿಮೆ ಅದರ ಮೂರರಷ್ಟು ಉದ್ದಕ್ಕೆ, ಮಾತೆಲ್ಲ ಗಂಡನ ಕಡೆಗೆ ತಿರುಗಿದೆ: ಕ್ರಿಸ್ತನು ಸಭೆಯನ್ನು (ತನ್ನನ್ನು ನಂಬಿದವರ ಸಮುದಾಯವನ್ನು) ಪ್ರೀತಿಸಿ ಅದಕ್ಕಾಗಿ ತನ್ನನ್ನೇ ಒಪ್ಪಿಸಿಕೊಟ್ಟ ಹಾಗೆ ಗಂಡನು ಹೆಂಡತಿಯನ್ನು ಪ್ರೀತಿಸಬೇಕು. ಆ ಒಪ್ಪಿಸಿಕೊಡುವಿಕೆ ಶಿಲುಬೆಯ ಮೇಲೆ ಮುಗಿಯಿತೆಂಬುದು ಎಲ್ಲರಿಗೂ ತಿಳಿದದ್ದೇ. ಈ ಪತ್ರಿಕೆ ಕನ್ನಡಕ್ಕೆ ಬಂದದ್ದು ನಮ್ಮ ಊರಿನಲ್ಲಿಯೇ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಅನುವಾದದಲ್ಲಿ ವರ್ಷಗಟ್ಟಲೆ ತೊಡಗಿ, 1831ರ ವೇಳೆಗೆ ಇಡೀ ಬೈಬಲನ್ನು ಕನ್ನಡದಲ್ಲಿ ಅಚ್ಚು ಮಾಡಿಸಿದರು. ಇಪ್ಪತ್ತೆರಡನೆಯ ವಚನದಿಂದ ಇಪ್ಪತ್ತೈದನೆಯದಕ್ಕೆ ಇಳಿಯಲು ನಮ್ಮ ಗಂಡಸರಿಗೆ ಅಲ್ಲಿಂದ ಇಲ್ಲಿಯವರೆಗಿನ ಕಾಲ ಸಾಲದಾಗಿದೆ.

ಹೊರಗಿನವರ ನಗೆಯನ್ನು ಹೇಗೋ ಸಹಿಸಬಹುದು. ಒಳಗಿನವರ ಪ್ರಶ್ನೆಯೇ ಹೆಚ್ಚು ಕಾಡುತ್ತದೆ. ಸಭೆಯ ಹಿರಿಯರಲ್ಲಿ ನಾನೂ ಒಬ್ಬನಾದ್ದರಿಂದ ಮದುವೆ ಗೊತ್ತಾದ ಹುಡುಗರನ್ನು ಸಭಾಪಾಲಕರು ಒಮ್ಮೊಮ್ಮೆ ನನ್ನ ಬಳಿ ಕಳುಹಿಸುತ್ತಾರೆ. ಹೋದ ಬೇಸಿಗೆಯಲ್ಲಿ ಹಾಗೆ ಬಂದ ಒಬ್ಬ ಹುಡುಗ ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲು ತೆಗೆದು, ಹಳದಿ ಬಣ್ಣ ಬಳಿದಿಟ್ಟಿದ್ದ ಒಂದೇ ಒಂದು ವಚನವನ್ನು ತೋರಿಸಿದನು. ಯಾವುದೆಂದು ಹೇಳಬೇಕಾಗಿಲ್ಲ. "ಮಾಮಾ, ಮದುವೆ ಆದ ಮೇಲೆ ಕೆಲಸ ಬಿಡು ಅಂತ ನಾನು ಹೇಳಿದರೆ, ಆಕೆ ಬಿಡಲ್ಲ ಅಂದರೆ, ಅದು ವಾಕ್ಯಕ್ಕೆ ವಿರುದ್ಧ ಆಗ್ತದಲ್ಲ?" ಎಂದನು.

ನನಗೆ ಹುಮ್ಮಸ್ಸು ಬಂದಿತು. ಮೇಲೆ ಬರೆದುದನ್ನೆಲ್ಲ ಹೇಳಿದೆ. ಅದು ಸಾಲದೆಂಬಂತೆ, ಯಜಮಾನ ಎಂಬುದರ ಮೂಲ ಅರ್ಥ ಯಜ್ಞ ಮಾಡಿಸುವವನು, ಅಂದರೆ ದಕ್ಷಿಣೆಯನ್ನೂ ಖರ್ಚನ್ನೂ ತಾನೇ ಹೊರುವವನು, ಹಾಗಾದರೆ ಕನ್ನಡದ ಈ ಮಾತಿಗೂ ಪೌಲನು ಹೇಳಿದ ತಲೆಗೂ ಏನೂ ದೂರವಿಲ್ಲ ಎಂದು ವಿವರಿಸಿದೆ. ಇದನ್ನು ನಾನೇ ಕಂಡುಕೊಂಡದ್ದೆಂಬ ಹೆಮ್ಮೆಯಿಂದ ಪ್ರತಿ ಹುಡುಗನಿಗೂ ಹೇಳುತ್ತೇನೆ. ಆ ಹೊತ್ತಿಗೆ ಚಹಾ ತಂದಿಟ್ಟ ನನ್ನ ಹೆಂಡತಿ, ಹುಡುಗನ ಮುಂದೆ ಬಸಿಯನ್ನು ಸರಿಸುತ್ತಾ, "ಹೌದಪ್ಪಾ, ಯಜ್ಞ ಅವರದು. ಕಟ್ಟಿಗೆ ನಂದು" ಎಂದು ಒಳಗೆ ಹೋದಳು.

ಹುಡುಗ ನಕ್ಕನು. ನಾನೂ ನಕ್ಕೆ, ಏಕೆಂದರೆ ನಗದೆ ಬೇರೆ ದಾರಿಯಿರಲಿಲ್ಲ.

"ಮನೆಯಲ್ಲಿ ಯಾರ ಮಾತು ನಡೆಯುತ್ತದೆ?" ಎಂದು ನನ್ನನ್ನು ಕೇಳದವರಿಲ್ಲ. "ನಿಮ್ಮ ಮಾತು ನಡೆದದ್ದರಿಂದ ಯಾರಿಗೆ ಏನು ಹೋಯಿತು?" ಎಂದು ಕೇಳಿದವರು ಒಬ್ಬರೂ ಇಲ್ಲ. ಕೇಳಿದ್ದರೆ ನನ್ನ ಬಳಿ ವಚನಗಳೇನೂ ಇಲ್ಲ, ಒಂದು ಜೆರಾಕ್ಸ್ ಪ್ರತಿ ಇದೆ. 2009ರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ನನ್ನ ಹೆಂಡತಿಗೆ ಪ್ರೌಢಶಾಲೆಗೆ ಬಡ್ತಿಯಾಗಿ ಸಿರುಗುಪ್ಪ ತಾಲ್ಲೂಕಿನಲ್ಲಿ ಜಾಗ ಸಿಕ್ಕಿತ್ತು. ದಿನಾ ಬಸ್ಸಿನಲ್ಲಿ ಹೋಗಿಬರಬಹುದಾದ ದೂರ. ಕಷ್ಟವಿತ್ತು, ಆದರೆ ಆಗದ ಕೆಲಸವಾಗಿರಲಿಲ್ಲ. ಆಗ ನನ್ನ ತಾಯಿಗೆ ಆರೋಗ್ಯ ಸರಿಯಿರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಅದು ಸುಳ್ಳೇನೂ ಅಲ್ಲ. ಆದರೆ ಅವ್ವನನ್ನು ನೋಡಿಕೊಳ್ಳಲು ನಾನು ಕಚೇರಿಗೆ ರಜೆ ಹಾಕಬಹುದಿತ್ತೆಂಬ ಯೋಚನೆ ನನಗೆ ಒಂದು ದಿನವೂ ಬರಲಿಲ್ಲ. ಎರಡು ರಾತ್ರಿ ವಾದವಾಯಿತು. ಮೂರನೆಯ ರಾತ್ರಿ ನಾನೂ ಅದೇ ವಚನವನ್ನು ಹೇಳಿದೆ. ಮೊಬೈಲಿನಲ್ಲಿ ಹಳದಿ ಬಳಿಯುವ ಸೌಕರ್ಯ ನನಗಿರಲಿಲ್ಲವಾದ್ದರಿಂದ ಬಾಯಿಪಾಠದಿಂದಲೇ ಹೇಳಿದೆ.

ಬಡ್ತಿ ಬೇಡವೆಂಬ ಪತ್ರವನ್ನು ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ನಾನೇ ಬರೆದೆ. "ಕೌಟುಂಬೀಕ ಕಾರಣಗಳಿಂದಾಗಿ" ಎಂದು ಆರಂಭಿಸಿದ್ದೆ. ಆಕೆ ಪೂರ್ತಿ ಓದಿದಳು, ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನನ್ನು ಚೀಲದಿಂದ ತೆಗೆದು ಬಿ ಅಕ್ಷರದ ದೀರ್ಘವನ್ನು ಹೊಡೆದುಹಾಕಿದಳು, ನಂತರ ನೀಲಿ ಪೆನ್ನು ತೆಗೆದುಕೊಂಡು ಸಹಿ ಮಾಡಿದಳು.