ನೆರಳಿಗೆ ಓಡಿದವನು

ನಿನ್ನೆ ರಾತ್ರಿ ಎರಡು ಗಂಟೆಗೆ ಬಾಲ್ಡರ್ಸ್ ಗೇಟ್ 3 ಅನ್ನೋ ವಿಡಿಯೋ ಗೇಮ್ ಮುಗಿಸಿದೆ. ಇವತ್ತು ಆಫೀಸಲ್ಲಿ ಕಣ್ಣು ಉರಿಯುತ್ತಿದೆ, ಅದು ಬಿಡಿ.

ತಲೆಯಲ್ಲಿ ಕೂತಿರುವುದು ಆಟದಲ್ಲಿ ನನ್ನ ಜೊತೆಗಾರನಾಗಿದ್ದ ಆಸ್ಟೇರಿಯನ್. 200 ವರ್ಷ ಒಡೆಯನ ಕೈಯಲ್ಲಿ ನರಳಿದ ರಕ್ತಪಿಶಾಚಿ. ಒಂದು ಮಾಟದ ಪೂಜೆ ಮುಗಿಸಿದರೆ ಹಗಲಲ್ಲೂ ಓಡಾಡಬಹುದು, ಯಾರಿಗೂ ಹೆದರಬೇಕಿಲ್ಲ. ಬೆಲೆ ಮಾತ್ರ 7,000 ಜೀವ. ಅವರಲ್ಲಿ ಎಷ್ಟೋ ಜನರನ್ನು ಪುಸಲಾಯಿಸಿ ಕರೆತಂದವನೂ ಇವನೇ.

ಹಿಂದೆ ಕೂತಿದ್ದ ತಮ್ಮ, "ಮಾಡ್ಕೊಳ್ಳಲಿ ಬಿಡಣ್ಣ, ಪಾಪ, ಎಷ್ಟು ಅನುಭವಿಸಿದಾನೆ" ಅಂದ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಜೊತೆಗಾರನ ಬಲ ಜಾಸ್ತಿಯಾದರೆ ಮುಂದಿನ ಕಾಳಗ ಸುಲಭ. ನನ್ನ ಲೆಕ್ಕವೂ ಸ್ವಾರ್ಥದ್ದೇ ಅಲ್ವಾ!

ಆದರೂ ಬೇಡ ಅಂದೆ. ಈ ಆಟದಲ್ಲಿ ಮಾತು ಫಲಿಸುತ್ತದೋ ಇಲ್ಲವೋ ಅನ್ನೋದು ದಾಳದ ಮೇಲೆ; ದಾಳ ಸರಿಯಾಗಿ ಬಿತ್ತು. ಆಸ್ಟೇರಿಯನ್ ಒಪ್ಪಿಕೊಂಡ. ಒಡೆಯನನ್ನು ಇರಿದು ಇರಿದು, ಆಮೇಲೆ ಕುಸಿದು ಅತ್ತ.

ಆಟದ ಕೊನೆಗೆ ಊರು ಉಳಿಯಿತು. ಎಲ್ಲರೂ ಬಂದರಿನಲ್ಲಿ ನಿಂತಿದ್ದಾರೆ. ಅಷ್ಟರಲ್ಲಿ ಬಿಸಿಲಿಗೆ ಇವನ ಚರ್ಮ ಸುಡತೊಡಗಿತು. ನೆರಳು ಹುಡುಕಿಕೊಂಡು ಒಬ್ಬನೇ ಓಡಿದ. ಊರು ಉಳಿಸಿದವನಿಗೆ ಒಂದು ಚಪ್ಪಾಳೆಯೂ ಇಲ್ಲ.

ಮೌಸ್ ಹಿಡಿದು ಸುಮ್ನೆ ಕೂತಿದ್ದೆ. "ನಾನು ಆಗಲೇ ಹೇಳಿರಲಿಲ್ವಾ?" ಅಂತ ತಮ್ಮ ಮಲಗೋಕೆ ಹೋದ.