‘ಆಟಿಸಂ ಇದೆ ಅಂತ ಕಾಲೇಜಿನಲ್ಲಿ ಹೇಳಬೇಕಾ ಮೇಡಂ?’

ಪಿಯುಸಿ ರಿಸಲ್ಟ್ ಬಂದ ಮೇಲೆ ನನಗೆ ಬರುವ ಫೋನುಗಳಲ್ಲಿ ಈ ಪ್ರಶ್ನೆಯೇ ಜಾಸ್ತಿ. ‘ಮೇಡಂ, ಮಗನಿಗೆ ಆಟಿಸಂ ಇದೆ. ಬಿಕಾಂಗೆ ಸೇರಿಸ್ತಾ ಇದ್ದೀವಿ. ಅಡ್ಮಿಷನ್ ಫಾರ್ಮಿನಲ್ಲಿ ಅದನ್ನ ಬರೀಬೇಕಾ, ಸುಮ್ನೆ ಇದ್ದುಬಿಡೋಣ್ವಾ?’ (ಆಟಿಸಂ ಅಂದರೆ ಮಿದುಳಿನ ಬೆಳವಣಿಗೆಯಲ್ಲೇ ಇರುವ ಒಂದು ವ್ಯತ್ಯಾಸ. ಇರುವವರಿಗೆ ಜನರ ಜೊತೆ ಬೆರೆಯುವುದು, ಮಾತಾಡುವುದು, ಗಲಾಟೆ ತಡೆದುಕೊಳ್ಳುವುದು ಕಷ್ಟವಾಗಬಹುದು.) ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಿಕಲಚೇತನ ವಿದ್ಯಾರ್ಥಿಗಳ ಕೆಲಸವನ್ನೂ ನನಗೇ ವಹಿಸಿದ್ದಾರೆ. ಹಾಗಾಗಿ ಒಬ್ಬರಿಂದ ಒಬ್ಬರಿಗೆ ನನ್ನ ನಂಬರು ಹೋಗಿದೆ.

ಸುಮ್ನೆ ಇದ್ದುಬಿಡುವ ಆಸೆ ಯಾಕೆ ಬರುತ್ತದೆ ಅಂತ ನನಗೆ ಗೊತ್ತು. ಎಷ್ಟೋ ಮನೆಯವರು ಸ್ಕೂಲಿನಲ್ಲಿ ನಿಜ ಹೇಳಿ, ಸೀಟಿಲ್ಲ ಅನ್ನಿಸಿಕೊಂಡು ಬಂದವರು. ಆದರೂ ನನ್ನ ಉತ್ತರ: ಹೇಳಿ. ಆದರೆ ‘ಆಟಿಸಂ ಇದೆ’ ಅಂತಷ್ಟೇ ಹೇಳಿ ನಿಲ್ಲಿಸಬೇಡಿ.

ಆ ಒಂದು ಮಾತು ಕೇಳಿದರೆ ಲೆಕ್ಚರರ್‌ಗಳ ತಲೆಯಲ್ಲಿ ಬರುವುದು ಎರಡೇ ಚಿತ್ರ. ಒಂದು, ಮಾತೇ ಆಡದ ಮಗು. ಇನ್ನೊಂದು, ದೊಡ್ಡ ಲೆಕ್ಕವನ್ನು ಬಾಯಲ್ಲೇ ಮಾಡುವ ಜಾಣ. ನಿಮ್ಮ ಮಗ ಎರಡೂ ಅಲ್ಲದಿದ್ದರೆ ‘ಇವನಿಗೇನಾಗಿದೆ, ಚೆನ್ನಾಗೇ ಇದ್ದಾನಲ್ಲ’ ಅಂದುಬಿಡುತ್ತಾರೆ. ಅದಕ್ಕೇ ಅವನಿಗೆ ಏನು ಬೇಕು ಅನ್ನುವುದನ್ನು ಒಂದು ಪುಟದಲ್ಲಿ ಬರೆದುಕೊಡಿ. ‘ಕ್ಲಾಸ್ ರೂಮ್ ಬದಲಾದರೆ ಮೊದಲೇ ಮೆಸೇಜ್ ಬೇಕು. ವೈವಾದಲ್ಲಿ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಸ್ವಲ್ಪ ಕಾಯಿರಿ. ಮುಖ ನೋಡಿ ಮಾತಾಡದಿದ್ದರೆ ಉಡಾಫೆ ಅಂದುಕೊಳ್ಳಬೇಡಿ. ಗಲಾಟೆ ಜಾಸ್ತಿಯಾದರೆ ಹತ್ತು ನಿಮಿಷ ಹೊರಗೆ ಹೋಗಿ ಬರಲು ಬಿಡಿ.’ ಇಂಥದ್ದನ್ನು ಯಾವ ಲೆಕ್ಚರರ್ ಬೇಕಾದರೂ ಮಾಡಬಹುದು. ದುಡ್ಡೂ ಖರ್ಚಾಗುವುದಿಲ್ಲ.

ಹೇಳದಿದ್ದರೆ ಏನಾಗುತ್ತದೆ? ಪಾಠದ ವಿಷಯದಲ್ಲಿ ಮೊದಮೊದಲು ಏನೂ ಆಗುವುದಿಲ್ಲ. ಅಪ್ಪ ಅಮ್ಮ ಹೆದರುವುದು ಸಿಲೆಬಸ್‌ಗೆ. ಮಕ್ಕಳು ಒದ್ದಾಡುವುದು ಎರಡು ಕ್ಲಾಸುಗಳ ನಡುವಿನ ಹೊತ್ತಿನಲ್ಲಿ. ಪಿಯುಸಿಯಲ್ಲಿ ಅದೇ ರೂಮು, ಅದೇ ಬೆಂಚು, ಬೆಲ್ಲು ಹೊಡೆದರೆ ಮುಂದಿನ ಪಾಠ. ಡಿಗ್ರಿಯಲ್ಲಿ ಹಾಗಿಲ್ಲ. ಲೆಕ್ಚರರ್ ರಜೆ ಹಾಕಿದರೆ ಒಂದು ಗಂಟೆ ಖಾಲಿ. ಎಲ್ಲರೂ ಕ್ಯಾಂಟೀನಿಗೆ ನುಗ್ಗುತ್ತಾರೆ. ಈ ಹುಡುಗ ಎಲ್ಲಿಗೆ ಹೋಗಬೇಕು, ಯಾರ ಜೊತೆ ಕೂರಬೇಕು? ಕ್ಲಾಸಿಗೆ ಒಂದು ವಾಟ್ಸಾಪ್ ಗ್ರೂಪು, ಲೆಕ್ಚರರ್ ಇಲ್ಲದ ಇನ್ನೊಂದು ಗ್ರೂಪು. ಅಸೈನ್‌ಮೆಂಟಿನ ಕೊನೇ ದಿನ ಯಾವುದರಲ್ಲಿ ಬಂತೋ! ಎಷ್ಟೋ ಸಲ ಬಂದಿರುವುದೇ ಇಲ್ಲ, ಕ್ಲಾಸ್ ಬಿಡುವಾಗ ಬಾಗಿಲಲ್ಲಿ ನಿಂತು ಬಾಯಲ್ಲಿ ಹೇಳಿರುತ್ತಾರೆ. ಗ್ರೂಪ್ ಪ್ರಾಜೆಕ್ಟ್‌ಗೆ ‘ನೀವೇ ಟೀಮ್ ಮಾಡಿಕೊಳ್ಳಿ’ ಅಂದರೆ ಕೊನೆಗೆ ಉಳಿಯುವವನು ಇವನೇ. (ಟೀಮ್ ಮಾಡುವುದು ಲೆಕ್ಚರರ್ ಕೆಲಸ ಅಂತ ನಾನು ಸ್ಟಾಫ್ ಮೀಟಿಂಗಿನಲ್ಲಿ ಹೇಳುತ್ತಲೇ ಇರುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ, ಅಷ್ಟೇ.) ಕಾಲೇಜ್ ಡೇ ಸ್ಪೀಕರ್ ಸದ್ದಿನ ಬಗ್ಗೆ ಬೇರೆ ಹೇಳಬೇಕಿಲ್ಲ ಅಲ್ವಾ.

ಹುಡುಗಿಯರದು ಇನ್ನೂ ಕಷ್ಟ. ಪಕ್ಕದವರನ್ನು ನೋಡಿ ನಗುವುದು, ತಲೆಯಾಡಿಸುವುದು ಕಲಿತುಬಿಟ್ಟಿರುತ್ತಾರೆ. ಹಾಗಾಗಿ ಎಷ್ಟೋ ಜನರಿಗೆ ಆಟಿಸಂ ಅಂತ ಗೊತ್ತಾಗುವುದೇ ತಡವಾಗಿ. ದಿನವಿಡೀ ಎಲ್ಲರಂತೆ ನಟಿಸಿ, ಮನೆಗೆ ಹೋದ ಮೇಲೆ ಒಂದು ಮಾತೂ ಆಡಲಾಗದಷ್ಟು ಸುಸ್ತಾಗಿರುತ್ತಾರೆ. ‘ಕಾಲೇಜಿನಲ್ಲಿ ಚೆನ್ನಾಗೇ ಇರ್ತಾಳಂತೆ, ಮನೇಲಿ ಮಾತ್ರ ಹೀಗೆ’ ಅಂತ ಯಾರಾದರೂ ಅಂದರೆ ನನಗೆ ಅನುಮಾನ ಶುರುವಾಗುತ್ತದೆ.

ಇನ್ನು ಕಾನೂನಿನ ಮಾತು. 1995ರ ಹಳೇ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಅದೂ ಒಂದು. ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ವೈಕಲ್ಯದ ಪ್ರಮಾಣ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇಕಡಾ 5ರ ಮೀಸಲಾತಿಗೆ ಅರ್ಜಿ ಹಾಕಬಹುದು. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಸಮಯ ಕೇಳಬಹುದು. 40ಕ್ಕಿಂತ ಕಡಿಮೆ ಬಂತು ಅಂತ ಬಿಟ್ಟುಬಿಡಬೇಡಿ. ಬರೆಯಲು ನಿಜವಾಗಿ ತೊಂದರೆ ಇರುವವರಿಗೆ ಸ್ಕ್ರೈಬ್ (ಹೇಳಿದ ಉತ್ತರವನ್ನು ಬರೆದುಕೊಡುವವರು) ಕೊಡಲು ಆ 40ರ ಗೆರೆ ಅಡ್ಡ ಬರಬಾರದು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇನ್ನೂ ಮಾಡಿಸಿಲ್ಲ ಅಂದರೆ ಈ ರಜೆಯಲ್ಲೇ ಅರ್ಜಿ ಹಾಕಿ. ಹಳ್ಳಿಯವರಾದರೆ ತಾಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ ಅಂತ ಇರುತ್ತಾರೆ, ವಿಕಲಚೇತನರಿಗೆ ದಾರಿ ತೋರಿಸುವುದೇ ಅವರ ಕೆಲಸ.

ಯಾರಿಗೆ ಹೇಳಬೇಕು? ಪ್ರಿನ್ಸಿಪಾಲರಿಗೆ, ಕ್ಲಾಸ್ ಮೆಂಟರ್‌ಗೆ, ಪರೀಕ್ಷೆ ನೋಡಿಕೊಳ್ಳುವವರಿಗೆ. ಜೊತೆಗೆ ಲೈಬ್ರರಿಯವರಿಗೂ ಅಟೆಂಡರ್‌ಗೂ ಪರಿಚಯ ಮಾಡಿಸಿ. ನಾನು ನೋಡಿದ ಹಾಗೆ, ಖಾಲಿ ಪೀರಿಯಡ್ಡಿನಲ್ಲಿ ಇಂಥ ಮಕ್ಕಳು ಓಡಿಹೋಗುವುದು ಲೈಬ್ರರಿಯ ಮೂಲೆಗೆ. ಅಲ್ಲಿ ‘ಯಾಕಪ್ಪಾ ಇಲ್ಲೇ ಕೂತಿದ್ದೀಯಾ’ ಅಂತ ಗದರದೇ ಇರುವ ಒಬ್ಬ ಮನುಷ್ಯ ಇದ್ದರೆ ಅರ್ಧ ಕಷ್ಟ ಕಳೆಯಿತು. ಜೊತೆಯ ಹುಡುಗರಿಗೆ ಹೇಳಬೇಕೋ ಬೇಡವೋ ಅನ್ನುವುದನ್ನು ಮಾತ್ರ ಮಗನಿಗೇ ಬಿಡಿ. ಆಫೀಸಿಗೆ ಹೇಳಿದ್ದು ಕ್ಲಾಸಿಗೆ ಗೊತ್ತಾಗಬಾರದು ಅಂತ ಆ ಪತ್ರದಲ್ಲೇ ಬರೆಯಿರಿ.

ಒಂದು ಕಡೆ ತಾಯಂದಿರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಆ ಪುಟವನ್ನು ಬರೆಯಬೇಕಾದವರು ನೀವಲ್ಲ, ಅವನು. ಆಗದಿದ್ದರೆ ಜೊತೆಯಲ್ಲಿ ಕೂತು ಬರೆಯಿರಿ, ಆದರೆ ಕೊಡುವಾಗ ಅವನೇ ಕೊಡಲಿ. ಮಾತು ಬರದಿದ್ದರೆ ಪತ್ರ ಮುಂದಿಟ್ಟರೂ ಸಾಕು. ವಾರಕ್ಕೆರಡು ಸಲ ಅಮ್ಮ ಬಂದು ಸ್ಟಾಫ್ ರೂಮಿನಲ್ಲಿ ಕೂತರೆ ಲೆಕ್ಚರರ್‌ಗಳು ಅವನನ್ನು ಬಿಟ್ಟು ನಿಮ್ಮ ಜೊತೆಯೇ ಮಾತಾಡಲು ಶುರುಮಾಡುತ್ತಾರೆ. ಅವನಿಗಾಗಲೇ ಹದಿನೆಂಟು.

ರ‍್ಯಾಗಿಂಗ್ ಬಗ್ಗೆ ಮಾತ್ರ ನೀವೇ ಎಚ್ಚರವಾಗಿರಿ. ಹೇಳಿದ್ದನ್ನು ಹೇಳಿದ ಹಾಗೇ ನಂಬುವ ಹುಡುಗನಿಗೆ ಸೀನಿಯರ್‌ಗಳು ಏನು ಬೇಕಾದರೂ ಮಾಡಿಸಬಹುದು, ಅವನಿಗೆ ಅದು ತಮಾಷೆಯೋ ಹಿಂಸೆಯೋ ತಿಳಿಯುವುದೂ ಇಲ್ಲ. ‘ಇವತ್ತು ಹೇಗಿತ್ತು’ ಅಂದರೆ ‘ಚೆನ್ನಾಗಿತ್ತು’ ಅಂತಲೇ ಹೇಳುತ್ತಾನೆ. ಮಧ್ಯಾಹ್ನ ಎಲ್ಲಿ ಊಟ ಮಾಡಿದೆ, ಪಕ್ಕದಲ್ಲಿ ಯಾರಿದ್ದರು, ಏನಂದರು ಅಂತ ಬಿಡಿಸಿ ಕೇಳಿ. ಯುಜಿಸಿಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522.

ಇದನ್ನೆಲ್ಲ ಕಾಲೇಜು ಶುರುವಾದ ಮೊದಲ ವಾರಗಳಲ್ಲೇ ಮುಗಿಸಿ. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಹೆಚ್ಚುವರಿ ಸಮಯದ ಕಾಗದ ಯೂನಿವರ್ಸಿಟಿಗೆ ಹೋಗಿ ಬರುವುದರೊಳಗೆ ಪರೀಕ್ಷೆಯೇ ಮುಗಿದಿರುತ್ತದೆ. ಪತ್ರ ಕೊಟ್ಟಾಗ ಇನ್ನೊಂದು ಪ್ರತಿಗೆ ಆಫೀಸಿನ ಸೀಲು ಹಾಕಿಸಿಕೊಳ್ಳಿ. ‘ನಮ್ಮಲ್ಲಿ ಅಂಥದ್ದೆಲ್ಲ ಇಲ್ಲಮ್ಮ’ ಅಂದರೆ ಅದನ್ನೂ ಬರೆದುಕೊಡಲು ಕೇಳಿ. ಬರೆದುಕೊಡಿ ಅಂದ ಕೂಡಲೇ ಸಾಮಾನ್ಯವಾಗಿ ದಾರಿ ಹುಡುಕುತ್ತಾರೆ. ಹುಡುಕದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಇದೆ. ಆ ಸೀಲು ಹಾಕಿದ ಪ್ರತಿ ಇಟ್ಟು ಅಲ್ಲಿಗೆ ದೂರು ಕೊಡಿ.